ನಾಟಕದ ವಿಡಿಯೊ ಚಿಕ್ಕದಾಗಲಿ, ಮುಖ ಮಾತ್ರ ಮಸುಕಾಗದಿರಲಿ

ಮಂಡ್ಯ ಸೀಮೆಯಲ್ಲಿ ಪೌರಾಣಿಕ ನಾಟಕ ರೆಕಾರ್ಡ್ ಮಾಡುವವರಿಗೆಲ್ಲ ಈ ತೊಂದರೆ ಗೊತ್ತು. ಕ್ಯಾಮೆರಾದ ಮೂಲ ಫೈಲಿನಲ್ಲಿ ದುರ್ಯೋಧನನ ಮೀಸೆಯ ಎಳೆ ಎಳೆಯೂ ಕಾಣುತ್ತದೆ. ಅದನ್ನೇ ಚಿಕ್ಕದು ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಮೀಸೆ ಒಂದು ಕಪ್ಪು ಪಟ್ಟಿ, ಕೆನ್ನೆ ಮೇಲೆ ಚೌಕ ಚೌಕದ ಕಲೆ. ಹಿಂದಿನ ಸೀನರಿಯ ಕಂಬಗಳು, ಮೇಲಿನ ಸೀರಿಯಲ್ ಲೈಟು, ಪರದೆಯ ಜರಿ ಅಂಚು ಮಾತ್ರ ಪರವಾಗಿಲ್ಲ ಅನ್ನುವಂತೆ ಉಳಿದಿರುತ್ತವೆ. ತಿಂಗಳುಗಟ್ಟಲೆ ರಾತ್ರಿ ಹೊತ್ತು ಹಾರ್ಮೋನಿಯಂ ಮುಂದೆ ಕೂತು ಪಾತ್ರ ಕಲಿತವರು ಅವರು. ಅವರ ಮನೆಯವರು ನೋಡಬೇಕು ಅಂತ ಕಾಯುವುದು ಆ ಮುಖವನ್ನೇ, ಸೀನರಿಯನ್ನಲ್ಲ.

ಇದಕ್ಕೆ ದುಡ್ಡು ಕೊಡದೆ ಮಾಡಿಕೊಳ್ಳಬಹುದಾದ ಒಂದು ದಾರಿ ಇದೆ. ಫ್ರೇಮಿನಲ್ಲಿ ಯಾವ ಜಾಗ ಮುಖ್ಯ ಅಂತ ಎನ್‌ಕೋಡರ್‌ಗೆ, ಅಂದರೆ ವಿಡಿಯೊ ಹಿಂಡಿ ಚಿಕ್ಕದು ಮಾಡುವ ಸಾಫ್ಟ್‌ವೇರ್‌ಗೆ, ನಾವೇ ಹೇಳಿಬಿಡುವುದು. ಇದನ್ನು ಆರ್‌ಒಐ (ರೀಜನ್ ಆಫ್ ಇಂಟರೆಸ್ಟ್) ಅನ್ನುತ್ತಾರೆ. ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ವಿಡಿಯೊ ಸಾಧನ ಇದ್ದರೆ ಸಾಕು, ಬೇರೆ ಸಾಫ್ಟ್‌ವೇರ್ ಬೇಡ. ಕಮಾಂಡ್ ಬಳಸಿ ಸ್ವಲ್ಪ ಅಭ್ಯಾಸ ಇದೆ ಅಂದುಕೊಂಡು ಬರೆಯುತ್ತಿದ್ದೇನೆ. ಆಪ್ಶನ್‌ಗಳ ಹೆಸರನ್ನೆಲ್ಲ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಮಾಡಿಕೊಳ್ಳಿ.

ಎನ್‌ಕೋಡರ್ ಬಿಟ್ ಎಲ್ಲಿ ಸುರಿಯುತ್ತದೆ

ಎಚ್.264 ಅನ್ನುವ ವಿಡಿಯೊ ಮಾದರಿಯ ಎನ್‌ಕೋಡರ್ ಪ್ರತಿ ಫ್ರೇಮನ್ನೂ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಚೌಕಗಳಾಗಿ ಒಡೆಯುತ್ತದೆ. ಇವೇ ಮ್ಯಾಕ್ರೊಬ್ಲಾಕ್‌ಗಳು. ಒಂದೊಂದು ಚೌಕವನ್ನೂ ಎಷ್ಟು ನಯವಾಗಿ ಅಥವಾ ಎಷ್ಟು ಒರಟಾಗಿ ಉಳಿಸಬೇಕು ಅನ್ನುವುದಕ್ಕೆ ಒಂದು ಸಂಖ್ಯೆ ಇದೆ, ಅದರ ಹೆಸರು ಕ್ಯೂಪಿ. ಸಾಮಾನ್ಯ 8 ಬಿಟ್ ವಿಡಿಯೊದಲ್ಲಿ ಅದು 0ಯಿಂದ 51ರವರೆಗೆ ಹೋಗುತ್ತದೆ. ಕಡಿಮೆ ಇದ್ದರೆ ನಯ, ಜಾಸ್ತಿ ಆದರೆ ಒರಟು. ಕ್ಯೂಪಿ 6 ಏರಿದರೆ ಒರಟುತನದ ಹೆಜ್ಜೆ ಎರಡು ಪಟ್ಟಾಗುತ್ತದೆ. ಈ 6 ಅನ್ನುವ ಅಳತೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮಿಣುಕುವ ಸೀರಿಯಲ್ ಲೈಟನ್ನು ಎನ್‌ಕೋಡರ್ ಹೇಗೆ ನೋಡುತ್ತದೆ ಗೊತ್ತಾ? ಹಿಂದಿನ ಫ್ರೇಮಿನಲ್ಲಿ ಕೆಂಪು ಇತ್ತು, ಈ ಫ್ರೇಮಿನಲ್ಲಿ ಹಸಿರು. ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸಿ ಬಿಟ್ ಉಳಿಸುವುದೇ ಅದರ ಕೆಲಸ. ಇಲ್ಲಿ ಊಹೆ ಕೈಕೊಡುತ್ತದೆ, ಹೊಸದಾಗಿ ಬರೆಯಬೇಕಾಗುತ್ತದೆ. ಕಿರೀಟದ ಚಮಕಿ, ಭುಜಕೀರ್ತಿಯ ಗಾಜು, ಪರದೆ ಗಾಳಿಗೆ ಅಲುಗಾಡುವುದು, ಎಲ್ಲವೂ ಇದೇ ಥರ ಬಿಟ್ ತಿನ್ನುತ್ತವೆ. ಮುಖ ಹಾಗಲ್ಲ. ಬಣ್ಣ ಹಚ್ಚಿದ ಕೆನ್ನೆಯಲ್ಲಿ ಇರುವುದು ನೆರಳು ಬೆಳಕಿನ ಸಣ್ಣ ಸಣ್ಣ ಏರಿಳಿತ. ಬಿಟ್ ಸಾಲದೆ ಹೋದಾಗ ಮೊದಲು ಚಪ್ಪಟೆಯಾಗುವುದೇ ಅದು. ನಮ್ಮ ಕಣ್ಣು ಮೊದಲು ಹೋಗಿ ನಿಲ್ಲುವುದೂ ಅಲ್ಲೇ. ಇದನ್ನು ತಿದ್ದಲು, ಎಫ್‌ಎಫ್‌ಎಂಪೆಗ್ ಬಳಸುವ ಎಚ್.264 ಎನ್‌ಕೋಡರ್ ಆದ ಎಕ್ಸ್264ನಲ್ಲಿ ಎಕ್ಯೂ ಅಂತ ಒಂದು ವ್ಯವಸ್ಥೆ ಇದೆ. ಚೌಕ ಎಷ್ಟು ಸಪಾಟು, ಎಷ್ಟು ಗಿಜಿಗಿಜಿ ಅಂತ ನೋಡಿ ಅದು ಬಿಟ್ ಹಂಚುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಸಪಾಟಾದ ಪರದೆಗೂ ಸಪಾಟಾದ ಕೆನ್ನೆಗೂ ಅದಕ್ಕೆ ಭೇದ ತಿಳಿಯುವುದಿಲ್ಲ. ಆ ಭೇದ ನಾವು ಹೇಳಿಕೊಡಬೇಕು.

ಮೊದಲು, ಇದು ನಿಮಗೆ ಬೇಕಾ?

ವಿಡಿಯೊ ಯೂಟ್ಯೂಬ್‌ಗೆ ಮಾತ್ರ ಹೋಗುವುದಾದರೆ ಬೇಡ. ನೀವು ಏರಿಸಿದ್ದನ್ನು ಅವರು ತಮ್ಮ ಕಡೆ ಮತ್ತೆ ಎನ್‌ಕೋಡ್ ಮಾಡುತ್ತಾರೆ. ನೀವು ಗುರುತಿಸಿದ ಜಾಗದ ಮಾಹಿತಿ ಅಲ್ಲಿಗೆ ಹೋಗುವುದೇ ಇಲ್ಲ. ಅಲ್ಲಿಗೆ ನಿಮ್ಮ ಹತ್ತಿರ ಇರುವ ಅತ್ಯುತ್ತಮ ಫೈಲನ್ನೇ ಏರಿಸಿ. ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೂ ಅದೇ ಕತೆ, ಆ್ಯಪ್ ಅದನ್ನು ಇನ್ನೊಂದು ಸಲ ಹಿಂಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಫೈಲ್ ಇದ್ದ ಹಾಗೇ ತಲುಪುತ್ತದೆ. ಅದರ ಮಿತಿ 2 ಜಿಬಿ.

ನೀವು ಮಾಡಿದ ಫೈಲೇ ನೋಡುವವರ ಕೈ ಸೇರುವ ಕಡೆ ಆರ್‌ಒಐ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಪೆನ್‌ಡ್ರೈವ್, ಡಾಕ್ಯುಮೆಂಟ್ ಆಗಿ ಕಳಿಸುವ ವಾಟ್ಸಾಪ್ ಫೈಲ್, ನಿಮ್ಮದೇ ವೆಬ್‌ಸೈಟ್, ಸಿಸಿಟಿವಿ ಸಂಗ್ರಹ, ಇವೆಲ್ಲ ಆ ಜಾತಿ. ಅದರಲ್ಲೂ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಅನ್ನುವ ಲೆಕ್ಕ) ಬಿಗಿಯಾಗಿದ್ದಾಗ ಫಲ ಕಾಣುತ್ತದೆ. 720ಪಿ ವಿಡಿಯೊಗೆ 5000 ಕೆಬಿಪಿಎಸ್ ಕೊಡಲು ನೀವು ತಯಾರಿದ್ದರೆ ಎಲ್ಲ ಕಡೆಯೂ ಚೆನ್ನಾಗಿಯೇ ಬರುತ್ತದೆ, ಈ ಕಷ್ಟ ಸುಮ್ನೆ ಯಾಕೆ? ಆದರೆ ನಾಟಕ ಅಂದರೆ ರಾತ್ರಿಯೆಲ್ಲ. ಲೆಕ್ಕ ಹಾಕಿ ನೋಡಿ. 900 ಕೆಬಿಪಿಎಸ್ ವಿಡಿಯೊ ಗಂಟೆಗೆ 405 ಎಂಬಿ ಆಗುತ್ತದೆ, 96 ಕೆಬಿಪಿಎಸ್ ಆಡಿಯೊ ಇನ್ನೊಂದು 43 ಎಂಬಿ. 4 ಗಂಟೆಗೆ 1.8 ಜಿಬಿ ಹತ್ತಿರ. ಡಾಕ್ಯುಮೆಂಟ್ ಮಿತಿಯೊಳಗೆ ಬರುತ್ತದೆ. ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ ಒಂದೇ ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ, ಅದರೊಳಗೂ ಬರುತ್ತದೆ. ಮನೆಯ ಹಳೆ ಟಿವಿಗಳು ಎಫ್‌ಎಟಿ32 ಬಿಟ್ಟರೆ ಬೇರೆಯದನ್ನು ಓದದಿರುವುದೂ ಉಂಟು.

ಆಡಿಯೊವನ್ನು 96ಕ್ಕಿಂತ ಇಳಿಸಬೇಡಿ. ನಾಟಕದಲ್ಲಿ ಕಂದ ಪದ್ಯ ಕೇಳಲೆಂದೇ ಕೂರುವವರು ಇದ್ದಾರೆ. ಹಾರ್ಮೋನಿಯಂ ಶ್ರುತಿ ನೀರೊಳಗಿಂದ ಬಂದ ಹಾಗೆ ಕೇಳಿಸಿದರೆ ಮುಖ ಎಷ್ಟು ಚೆನ್ನಾಗಿದ್ದು ಏನು ಪ್ರಯೋಜನ?

ಯಾವ ಜಾಗ ಗುರುತಿಸಬೇಕು

ಎಫ್‌ಎಫ್‌ಎಂಪೆಗ್‌ನಲ್ಲಿ ಜಾಗ ಗುರುತಿಸುವ ಫಿಲ್ಟರ್‌ಗೆ ಒಂದು ಮಿತಿ ಇದೆ. ಅದು ಗುರುತಿಸುವುದು ಆಯತವನ್ನು ಮಾತ್ರ. ಆ ಆಯತ ವಿಡಿಯೊ ಶುರುವಾದಾಗ ಎಲ್ಲಿತ್ತೋ ಕೊನೆವರೆಗೂ ಅಲ್ಲೇ ಇರುತ್ತದೆ. ಓಡಾಡುವ ಪಾತ್ರದ ಹಿಂದೆ ಅದು ಓಡುವುದಿಲ್ಲ. ಇದನ್ನು ಕೇಳಿಯೇ ಎಷ್ಟೋ ಜನ ಕೈಬಿಡುತ್ತಾರೆ. ಆದರೆ ನಮ್ಮ ನಾಟಕಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಮೈಕು. ಭೀಮ ಗದೆ ಬೀಸುತ್ತ ರಂಗವೆಲ್ಲ ಸುತ್ತಿದರೂ ಪದ್ಯ ಹೇಳಲು ಮೈಕಿನ ಮುಂದೆಯೇ ಬಂದು ನಿಲ್ಲಬೇಕು. ಕೃಷ್ಣ, ಕರ್ಣ, ಶಕುನಿ, ದ್ರೌಪದಿ, ಎಲ್ಲರೂ ಅಷ್ಟೇ. ಹಾಗಾಗಿ ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗಾಡದೆ ಇದ್ದರೆ ಮೈಕಿನ ಸುತ್ತಲ ಜಾಗವೇ ನಿಮ್ಮ ಆಯತ.

ಕೆಳಗೆ ಸೊಂಟದವರೆಗೆ ಸಾಕು. ಮೇಲೆ ಮಾತ್ರ ಕಿರೀಟಕ್ಕಿಂತ ಒಂದು ಗೇಣು ಜಾಸ್ತಿ ಇರಲಿ, ಕಿರೀಟ ಇಟ್ಟ ಮೇಲೆ ಪಾತ್ರಧಾರಿ ಎಷ್ಟು ಎತ್ತರ ಆಗುತ್ತಾರೆ ಅನ್ನುವುದು ಅಂದಾಜಿಗೆ ಸಿಗುವುದಿಲ್ಲ. ಪಕ್ಕಕ್ಕೆ ಒಂದು ಆಳಿನಷ್ಟು ಜಾಗ ಬಿಡಿ. ಪದ್ಯದ ನಡುವೆ ನೆಂಟರು ರಂಗ ಹತ್ತಿ ಹಾರ ಹಾಕುತ್ತಾರೆ, ನೋಟು ಕೊಡುತ್ತಾರೆ, ಅಲ್ವಾ? ವಿಡಿಯೊ ತಗೊಂಡವರು ಹುಡುಕುವ ಘಳಿಗೆ ಅದೇ. ಹಾರ ಹಾಕಲು ಬಂದವರ ಮುಖ ಆಯತದ ಆಚೆ ಬಿದ್ದು ಮಸುಕಾದರೆ ಮನಸ್ಸಿಗೆ ಬೇಜಾರಾಗುತ್ತದೆ.

ರಂಗದ ಪಕ್ಕದಲ್ಲಿ ಕೂರುವ ಹಾರ್ಮೋನಿಯಂ ಮೇಷ್ಟ್ರಿಗೆ ಎರಡನೇ ಆಯತ ಹಾಕಿ. ನಾಟಕ ಕಲಿಸಿದ್ದೇ ಅವರು. ರಾತ್ರಿಯಿಡೀ ಕೂತ ಜಾಗದಿಂದ ಏಳದವರಿಗೆ ಒಂದು ಚಿಕ್ಕ ಆಯತ ದೊಡ್ಡ ಖರ್ಚಲ್ಲ.

ಎಲ್ಲ ಆಯತಗಳೂ ಸೇರಿ ಫ್ರೇಮಿನ ಕಾಲು ಭಾಗ ಮೀರದಿರಲಿ ಅನ್ನುವುದು ನನ್ನ ಅಭಿಪ್ರಾಯ. ಅರ್ಧ ಫ್ರೇಮನ್ನೇ ಮುಖ್ಯ ಅಂದುಬಿಟ್ಟರೆ ಬಿಟ್ ತೆಗೆದುಕೊಳ್ಳಲು ಎಲ್ಲಿಯೂ ಜಾಗ ಉಳಿಯುವುದಿಲ್ಲ, ಏನೂ ಗುರುತಿಸದ ಹಾಗೇ ಆಗುತ್ತದೆ.

ಅಳತೆ ತೆಗೆಯುವುದು

ಇಲ್ಲಿ ಆತುರ ಬೇಡ. ಮೂಲ ವಿಡಿಯೊ 1920×1080 ಇದೆ, ಕೊಡುವುದು 1280×720ಗೆ ಇಳಿಸಿ ಅಂದುಕೊಳ್ಳಿ. ಅಳತೆ ತೆಗೆಯಬೇಕಾದ್ದು ಇಳಿಸಿದ ಮೇಲಿನ ಚಿತ್ರದಲ್ಲಿ. ಪದ್ಯ ನಡೆಯುತ್ತಿರುವ ಒಂದು ಕ್ಷಣ ಆರಿಸಿ, ಸ್ಕೇಲ್ ಫಿಲ್ಟರ್ ಹಾಕಿ, ಒಂದೇ ಒಂದು ಫ್ರೇಮನ್ನು ಪಿಎನ್‌ಜಿ ಆಗಿ ಹೊರತೆಗೆಯಿರಿ. ಸಮಯಕ್ಕೆ -ಎಸ್‌ಎಸ್, ಒಂದೇ ಫ್ರೇಮಿಗೆ -ಫ್ರೇಮ್ಸ್:ವಿ 1. ಆ ಚಿತ್ರವನ್ನು ವಿಂಡೋಸ್‌ನ ಪೇಂಟ್‌ನಲ್ಲಿ ತೆರೆದು ಮೌಸ್ ಆಡಿಸಿದರೆ ಕೆಳಗಿನ ಪಟ್ಟಿಯಲ್ಲಿ ಎರಡು ಸಂಖ್ಯೆ ಓಡುತ್ತವೆ. ಮೊದಲನೆಯದು ಎಡ ಅಂಚಿನಿಂದ ದೂರ, ಎರಡನೆಯದು ಮೇಲಿನ ಅಂಚಿನಿಂದ ದೂರ. ಶಾಲೆಯ ಗ್ರಾಫಿನಲ್ಲಿ ಎತ್ತರ ಕೆಳಗಿನಿಂದ ಮೇಲಕ್ಕೆ ಎಣಿಸುತ್ತಿದ್ದೆವು, ಇಲ್ಲಿ ಮೇಲಿನಿಂದ ಕೆಳಕ್ಕೆ.

ಆಯತದ ಮೇಲಿನ ಎಡ ಮೂಲೆ ಮೊದಲು ಬರೆದುಕೊಳ್ಳಿ, ಆಮೇಲೆ ಅಗಲ, ಎತ್ತರ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಡದಿಂದ 448, ಮೇಲಿನಿಂದ 160, ಅಗಲ 384, ಎತ್ತರ 400. ಇದು 1280×720 ಫ್ರೇಮಿನ ಸರಿಯಾಗಿ ಆರನೇ ಒಂದು ಭಾಗ. ನಾಲ್ಕೂ ಸಂಖ್ಯೆ 16ರಿಂದ ಭಾಗವಾಗುತ್ತವೆ, ಬೇಕೆಂದೇ ಹಾಗೆ ಆರಿಸಿದ್ದು. ಎಕ್ಸ್264 ಅರ್ಧ ಚೌಕಕ್ಕೆ ಒಂದು ಗುಣಮಟ್ಟ, ಇನ್ನರ್ಧಕ್ಕೆ ಇನ್ನೊಂದು ಅಂತ ಕೊಡಲಾರದು. ನಿಮ್ಮ ಗೆರೆ ಚೌಕದ ನಡುವೆ ಹಾದು ಹೋದರೆ ಆ ಚೌಕ ಪೂರ್ತಿ ಒಳಗೆ ಸೇರುತ್ತದೆ. ನೀವು ಭಾಗಿಸದೆ ಬಿಟ್ಟರೂ ಕೆಲಸ ನಡೆಯುತ್ತದೆ, ಆಯತ ಸ್ವಲ್ಪ ಹಿಗ್ಗುತ್ತದೆ ಅಷ್ಟೆ. ಆದರೆ ಎಲ್ಲಿ ಏನಾಗುತ್ತಿದೆ ಅಂತ ನಮಗೆ ತಿಳಿದಿದ್ದರೆ ಒಳ್ಳೆಯದು.

ಈ ಸಂಖ್ಯೆಗಳು ಸರಿಯಾದ ಜಾಗದಲ್ಲಿ ಕೂತಿವೆಯಾ ಅಂತ ನೋಡಲು ಡ್ರಾಬಾಕ್ಸ್ ಫಿಲ್ಟರ್ ಬಳಸಿ. ಸ್ಕೇಲ್=1280:720 ಆದ ಮೇಲೆ ಒಂದು ಅಲ್ಪವಿರಾಮ, ಆಮೇಲೆ ಡ್ರಾಬಾಕ್ಸ್=448:160:384:400. ವಿಡಿಯೊ ಮೇಲೆ ಒಂದು ಚೌಕಟ್ಟು ಬರುತ್ತದೆ. ಇದನ್ನು ಒಂದೇ ಫ್ರೇಮಿಗೆ ನೋಡಿ ಬಿಟ್ಟುಬಿಡಬೇಡಿ. ನಾಟಕದ ಬೇರೆ ಬೇರೆ ಹೊತ್ತಿನ ಚಿತ್ರ ತೆಗೆದು ನೋಡಿ. ಮಧ್ಯರಾತ್ರಿಯ ಮೇಲೆ ಯಾರೋ ಮೈಕ್ ಸ್ಟ್ಯಾಂಡ್ ಸರಿಸಿರುತ್ತಾರೆ, ಇಲ್ಲವೇ ನೀವೇ ಬ್ಯಾಟರಿ ಬದಲಿಸುವಾಗ ಟ್ರೈಪಾಡ್ ತುಸು ತಿರುಗಿರುತ್ತದೆ. ಚೌಕಟ್ಟು ಎದುರಿಗೆ ಕಂಡರೆ ಇದೆಲ್ಲ ತಕ್ಷಣ ಗೊತ್ತಾಗುತ್ತದೆ.

ಗುರುತು ಹಾಕುವ ಫಿಲ್ಟರ್

ಫಿಲ್ಟರ್‌ನ ಹೆಸರು ಆಡ್‌ಆರ್‌ಒಐ. ಎ, ಡಿ, ಡಿ, ಆರ್, ಒ, ಐ, ಆರೂ ಅಕ್ಷರ ಜಾಗ ಬಿಡದೆ ಬರೆಯಬೇಕು. ಇದು ಚಿತ್ರವನ್ನು ಒಂದಿಷ್ಟೂ ಬದಲಿಸುವುದಿಲ್ಲ. ಫ್ರೇಮಿನ ಜತೆ ಒಂದು ಚೀಟಿ ಅಂಟಿಸಿ ಕಳಿಸಿದ ಹಾಗೆ, ಎನ್‌ಕೋಡರ್ ಅದನ್ನು ಓದಿಕೊಳ್ಳುತ್ತದೆ. ಮೊದಲ ನಾಲ್ಕು ಸಂಖ್ಯೆಗಳ ಕ್ರಮ ಡ್ರಾಬಾಕ್ಸ್‌ನದ್ದೇ, ಹಾಗಾಗಿ ನಕಲು ಮಾಡಿಕೊಂಡರೆ ಸಾಕು. ಐದನೆಯದು ಕ್ಯೂಆಫ್‌ಸೆಟ್:

ಸ್ಕೇಲ್=1280:720,ಆಡ್‌ಆರ್‌ಒಐ=448:160:384:400:-0.1

ಆಡ್‌ಆರ್‌ಒಐ ಯಾವಾಗಲೂ ಸ್ಕೇಲ್, ಕ್ರಾಪ್‌ಗಳ ನಂತರ ಇರಬೇಕು, ಸಾಲಿನ ಕೊನೆಯಲ್ಲಿ. ಮೊದಲೇ ಹಾಕಿದರೆ 1080ಪಿ ಅಳತೆಯ ಗುರುತು 720ಪಿ ಚಿತ್ರಕ್ಕೆ ಹೊಂದುವುದಿಲ್ಲ. ರಾತ್ರಿ ಬೆಳಕಿನ ಕಾಳು ಕಾಳು ನಾಯ್ಸ್ ಜಾಸ್ತಿ ಇದ್ದರೆ ಎಚ್‌ಕ್ಯೂಡಿಎನ್3ಡಿ ಫಿಲ್ಟರನ್ನು ಹಗುರವಾಗಿ ಸ್ಕೇಲ್‌ಗಿಂತ ಮುಂಚೆ ಹಾಕಿ. ನಾಯ್ಸ್ ಕೂಡ ಪ್ರತಿ ಫ್ರೇಮಿಗೂ ಬದಲಾಗುತ್ತದೆ, ಬಿಟ್ ತಿನ್ನುತ್ತದೆ. ಎಷ್ಟೋ ಸಲ ಮುಖದ ಅರ್ಧ ಸಮಸ್ಯೆ ಅಲ್ಲೇ ಪರಿಹಾರ ಆಗುತ್ತದೆ.

ಕ್ಯೂಆಫ್‌ಸೆಟ್ -1ರಿಂದ +1ರವರೆಗೆ ಇರಬಹುದು. ಮೈನಸ್ ಅಂದರೆ ಆ ಜಾಗಕ್ಕೆ ಗುಣಮಟ್ಟ ಜಾಸ್ತಿ, ಪ್ಲಸ್ ಅಂದರೆ ಕಡಿಮೆ. ಏನೂ ಬರೆಯದಿದ್ದರೆ -0.1 ಅಂತ ತಿಳಿದುಕೊಳ್ಳುತ್ತದೆ. 8 ಬಿಟ್ ಎಕ್ಸ್264ನಲ್ಲಿ ಈ ಸಂಖ್ಯೆಯನ್ನು 51ರಿಂದ ಗುಣಿಸುತ್ತದೆ. -0.1 ಅಂದರೆ ಕ್ಯೂಪಿ ಸುಮಾರು 5 ಇಳಿಯಿತು. ಮೇಲೆ ಹೇಳಿದ 6ರ ಅಳತೆ ನೆನಪಿದೆಯಲ್ಲ, ಒರಟುತನ ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ನೋಡಲು ಚಿಕ್ಕ ಸಂಖ್ಯೆ, ಮಾಡುವ ಕೆಲಸ ದೊಡ್ಡದು. -0.5 ಕೊಟ್ಟರೆ ಕ್ಯೂಪಿ 25 ಇಳಿದುಬಿಡುತ್ತದೆ, ಮುಖ ಒಂದೇ ಉಳಿದು ಉಳಿದದ್ದೆಲ್ಲ ಗಂಜಿಯಾಗುತ್ತದೆ.

ನನ್ನ ಸಲಹೆ: -0.06ರಿಂದ ಶುರು ಮಾಡಿ. ಅದು ಕ್ಯೂಪಿ ಲೆಕ್ಕದಲ್ಲಿ 3. ಸಾಲದಿದ್ದರೆ -0.1, ಅದೂ ಸಾಲದಿದ್ದರೆ -0.12. ಅದಕ್ಕೂ ಮೇಲೆ ಹೋದಂತೆ ಆಯತದ ಅಂಚು ಕಣ್ಣಿಗೆ ಹೊಡೆಯಲು ಶುರುವಾಗುತ್ತದೆ. ಪಾತ್ರಧಾರಿಯ ಸೊಂಟದವರೆಗೆ ಸ್ಪಷ್ಟ, ಅಲ್ಲಿಂದ ಕೆಳಗೆ ಗೆರೆ ಎಳೆದ ಹಾಗೆ ಮಂಜು. ಒಂದು ಸಲ ಕಂಡರೆ ನೋಡುಗರ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಅದಕ್ಕಿಂತ ಪೂರ್ತಿ ಒಂದೇ ಸಮ ಮಸುಕಾಗಿದ್ದರೇ ವಾಸಿ.

ಅಂಚು ಮೆತ್ತಗೆ ಮಾಡಲು ಆಯತದ ಸುತ್ತ ಇನ್ನೊಂದು ದೊಡ್ಡ ಆಯತ ಹಾಕಿ, ಅದಕ್ಕೆ -0.05ರಷ್ಟು ಕೊಡಿ. ಮೇಲೆ ಹೇಳಿದ ಕಾಲು ಭಾಗದ ಮಿತಿಗೆ ಇದನ್ನು ಸೇರಿಸಿಲ್ಲ. ಇಲ್ಲಿ ಕ್ರಮ ಮುಖ್ಯ. ಎರಡು ಆಯತ ಒಂದರ ಮೇಲೊಂದು ಬಂದರೆ ಮೊದಲು ಬರೆದದ್ದೇ ಗೆಲ್ಲುತ್ತದೆ. ಆದ್ದರಿಂದ ಒಳಗಿನ ಚಿಕ್ಕದು ಮೊದಲು, ಹೊರಗಿನ ದೊಡ್ಡದು ಆಮೇಲೆ. ತಿರುಗುಮುರುಗು ಬರೆದರೆ ಒಳಗಿನದು ಇದ್ದೂ ಇಲ್ಲದ ಹಾಗೆ. ಮೇಷ್ಟ್ರ ಆಯತವನ್ನೂ ಸೇರಿಸಿದರೆ ಸಾಲು ಹೀಗಿರುತ್ತದೆ:

ಸ್ಕೇಲ್=1280:720,ಆಡ್‌ಆರ್‌ಒಐ=448:160:384:400:-0.1,ಆಡ್‌ಆರ್‌ಒಐ=64:480:240:208:-0.06,ಆಡ್‌ಆರ್‌ಒಐ=400:112:480:496:-0.05

ಸಿಆರ್‌ಎಫ್ ಬೇಡ, ಬಿಟ್‌ರೇಟ್ ಕಟ್ಟಿಹಾಕಿ

ಇಷ್ಟು ಮಾಡಿದ ಮೇಲೆ ಹೆಚ್ಚು ಜನ ಎಡವುವುದು ಇಲ್ಲಿ. ಸಿಆರ್‌ಎಫ್ ಅಂದರೆ ಫೈಲ್ ಗಾತ್ರದ ಬದಲು ಗುಣಮಟ್ಟವನ್ನು ಕಟ್ಟಿಹಾಕುವ ರೀತಿ. ಸಿಆರ್‌ಎಫ್ 23 ಅಂತ ಹಾಕಿ ಎನ್‌ಕೋಡ್ ಮಾಡಿದರೆ ಆಯತದೊಳಗೆ ಗುಣಮಟ್ಟ ಏರುತ್ತದೆ, ಹೊರಗೆ ಏನೂ ಇಳಿಯುವುದಿಲ್ಲ, ಫೈಲ್ ದೊಡ್ಡದಾಗುತ್ತದೆ. ಮುಖ ಚೆನ್ನಾಯಿತು ಅಂತ ಖುಷಿಪಟ್ಟರೆ ಅದು ಜಾಸ್ತಿ ಬಿಟ್ ಸುರಿದು ಕೊಂಡ ಖುಷಿ. ಸಿಆರ್‌ಎಫ್‌ನಲ್ಲೇ ಮಾಡಬೇಕು ಅಂದರೆ ಎಲ್ಲ ಆಯತಗಳ ಕೊನೆಗೆ ಪೂರ್ತಿ ಫ್ರೇಮಿಗೊಂದು ಪ್ಲಸ್ ಗುರುತು ಸೇರಿಸಬೇಕು: ಆಡ್‌ಆರ್‌ಒಐ=0:0:ಐಡಬ್ಲ್ಯೂ:ಐಎಚ್:0.06. ಐಡಬ್ಲ್ಯೂ, ಐಎಚ್ ಅಂದರೆ ಫ್ರೇಮಿನ ಪೂರ್ತಿ ಅಗಲ, ಎತ್ತರ. ಮೊದಲು ಬರೆದದ್ದೇ ಗೆಲ್ಲುವುದರಿಂದ ಇದು ಉಳಿದ ಜಾಗಕ್ಕೆ ಮಾತ್ರ ತಗುಲುತ್ತದೆ.

ನಾಟಕಕ್ಕೆ ನಾನು ಹೇಳುವುದು ಎರಡು ಪಾಸ್‌ನ ಎನ್‌ಕೋಡಿಂಗ್, ಅಂದರೆ ಮೊದಲ ಸಲ ವಿಡಿಯೊವನ್ನು ಅಳೆದು ನೋಡುವುದು, ಎರಡನೇ ಸಲ ಬರೆಯುವುದು. -ಬಿ:ವಿ 900ಕೆ ಅಂತ ಬಿಟ್‌ರೇಟ್ ಕಟ್ಟಿಹಾಕಿದರೆ ಫೈಲ್ ಗಾತ್ರ ಮೊದಲೇ ಗೊತ್ತು. ಆಯತಕ್ಕೆ ಕೊಟ್ಟ ಬಿಟ್ ಪರದೆಯಿಂದಲೇ ಬರಬೇಕು, ಬೇರೆ ದಾರಿ ಇಲ್ಲ. ಈ ರೀತಿಯಲ್ಲಿ ಲೆಕ್ಕಕ್ಕೆ ಬರುವುದು ಒಳಗಿನ ಮತ್ತು ಹೊರಗಿನ ವ್ಯತ್ಯಾಸ ಮಾತ್ರ, ಹಾಗಾಗಿ ಪೂರ್ತಿ ಫ್ರೇಮಿನ ಪ್ಲಸ್ ಗುರುತು ಬೇಕಿಲ್ಲ. ಎರಡೂ ಪಾಸಿನಲ್ಲಿ ಅದೇ ಫಿಲ್ಟರ್ ಸಾಲು, ಅದೇ ಪ್ರಿಸೆಟ್ (ಎನ್‌ಕೋಡರ್‌ನ ವೇಗದ ಸೆಟ್ಟಿಂಗ್), ಅದೇ ಬಿಟ್‌ರೇಟ್ ಇರಬೇಕು. ಮೊದಲ ಪಾಸಿಗೆ -ಪಾಸ್ 1, ಆಡಿಯೊ ಬೇಡ ಅಂತ -ಎಎನ್, ಔಟ್‌ಪುಟ್ -ಎಫ್ ನಲ್‌ಗೆ. ಎರಡನೆಯದಕ್ಕೆ -ಪಾಸ್ 2, ಎಎಸಿ ಆಡಿಯೊ 96ಕೆ, ಔಟ್‌ಪುಟ್ ಎಂಪಿ4.

ಪ್ರಿಸೆಟ್ ಮೀಡಿಯಮ್ ಅಥವಾ ಸ್ಲೋ ಇರಲಿ. ಅಲ್ಟ್ರಾಫಾಸ್ಟ್ ಮಾತ್ರ ಖಂಡಿತ ಬೇಡ. ಆರ್‌ಒಐ ಎಕ್ಸ್264ನ ಎಕ್ಯೂ ವ್ಯವಸ್ಥೆಯ ಮೂಲಕವೇ ಕೆಲಸ ಮಾಡುತ್ತದೆ. ಅಲ್ಟ್ರಾಫಾಸ್ಟ್ ಪ್ರಿಸೆಟ್ ಎಕ್ಯೂವನ್ನೇ ಆರಿಸಿಬಿಡುತ್ತದೆ. ಆಗ ಎಫ್‌ಎಫ್‌ಎಂಪೆಗ್ ಒಂದು ಎಚ್ಚರಿಕೆ ಸಾಲು ತೋರಿಸಿ, ನಿಮ್ಮ ಗುರುತನ್ನೆಲ್ಲ ಬಿಟ್ಟು, ತನ್ನ ಪಾಡಿಗೆ ಎನ್‌ಕೋಡ್ ಮುಗಿಸುತ್ತದೆ. ಫೈಲ್ ಬರುತ್ತದೆ, ತಪ್ಪು ಅಂತ ಎಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ಟರ್ಮಿನಲ್‌ನಲ್ಲಿ ಮೇಲೆ ಓಡಿಹೋದ ಸಾಲುಗಳನ್ನು ಓದುವ ಅಭ್ಯಾಸ ಇರಲಿ. ಎಚ್.265ರ ಎನ್‌ಕೋಡರ್ ಆದ ಎಕ್ಸ್265ಕ್ಕೂ ಎಕ್ಯೂ ಬೇಕೇ ಬೇಕು. ಇವೆರಡಲ್ಲದೆ ಲಿಬ್‌ವಿಪಿಎಕ್ಸ್, ಇಂಟೆಲ್ ಚಿಪ್‌ಗಳ ಕ್ಯೂಎಸ್‌ವಿ, ಲಿನಕ್ಸ್‌ನ ವಿಎ-ಎಪಿಐ ಎನ್‌ಕೋಡರ್‌ಗಳೂ ಈ ಗುರುತನ್ನು ಓದಬಲ್ಲವು. ಎಲ್ಲ ಎನ್‌ಕೋಡರ್‌ಗಳೂ ಓದುತ್ತವೆ ಅಂತ ಅಂದುಕೊಳ್ಳಬೇಡಿ. ಓದದಿದ್ದರೆ ಎಚ್ಚರಿಕೆಯೂ ಬರದಿರಬಹುದು.

ಕೆಲಸ ಮಾಡಿತಾ ಅಂತ ನೋಡುವುದು

ಇಡೀ ನಾಟಕಕ್ಕೆ ಹಚ್ಚುವ ಮುಂಚೆ ಒಂದೂವರೆ ನಿಮಿಷದ ತುಣುಕಿನಲ್ಲಿ ಪರೀಕ್ಷೆ ಮಾಡಿ. ಕಷ್ಟದ ಭಾಗವನ್ನೇ ಆರಿಸಿ. ಯುದ್ಧದ ದೃಶ್ಯ, ಹೊಗೆ, ಬಣ್ಣದ ಲೈಟು ತಿರುಗುತ್ತಿರುವ ಹೊತ್ತು. ತಂಪಾಗಿ ಪದ್ಯ ಹೇಳುವ ಭಾಗದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಮೊದಲ ಪರೀಕ್ಷೆ ಬೇಕೆಂದೇ ಅತಿರೇಕದ್ದು. ಸಿಆರ್‌ಎಫ್‌ನಲ್ಲಿ, ಪೂರ್ತಿ ಫ್ರೇಮಿನ ಗುರುತಿಗೆ +0.4 ಕೊಟ್ಟು ಓಡಿಸಿ. ಆಯತದ ಹೊರಗೆಲ್ಲ ಕಲಸುಮೇಲೋಗರವಾಗಿ ಒಳಗೆ ಮಾತ್ರ ನಿಚ್ಚಳವಾಗಿದ್ದರೆ ಎನ್‌ಕೋಡರ್ ನಿಮ್ಮ ಮಾತು ಕೇಳುತ್ತಿದೆ, ಆಯತವೂ ಸರಿಯಾದ ಜಾಗದಲ್ಲಿದೆ. ಏನೂ ವ್ಯತ್ಯಾಸ ಇಲ್ಲದಿದ್ದರೆ ಎಕ್ಯೂ ಆರಿದೆಯೇ, ಆ ಎನ್‌ಕೋಡರ್ ಗುರುತು ಓದುತ್ತದೆಯೇ ನೋಡಿ. ಇದು ಖಾತ್ರಿಯಾದ ಮೇಲೆ ನಿಜವಾದ ಸಂಖ್ಯೆಗಳಿಗೆ ಬನ್ನಿ.

ಎರಡನೇ ಪರೀಕ್ಷೆಗೆ ಅದೇ ತುಣುಕನ್ನು ಅದೇ 900 ಕೆಬಿಪಿಎಸ್‌ನಲ್ಲಿ ಎರಡು ಸಲ ಮಾಡಿ, ಒಂದು ಗುರುತಿನ ಜತೆ, ಒಂದು ಗುರುತಿಲ್ಲದೆ. ಒಂದೇ ಕ್ಷಣದ ಫ್ರೇಮುಗಳನ್ನು ಅಕ್ಕಪಕ್ಕ ಇಟ್ಟು ಎರಡು ಪಟ್ಟು ಹಿಗ್ಗಿಸಿ ನೋಡಿ. ಕಣ್ಣಿನ ಕಾಡಿಗೆ, ಮೀಸೆಯ ತುದಿ, ಹಣೆಯ ನಾಮ, ಇವು ಮೂರೂ ಒಳ್ಳೆಯ ಗುರುತು. ಆಮೇಲೆ ಆಯತದ ಅಂಚು. ಕೊನೆಗೆ ಪರದೆ: ಅದು ಕೆಡಬೇಕು, ಆದರೆ ಕೆಟ್ಟಿದ್ದು ನೋಡುವವರ ಗಮನಕ್ಕೆ ಬರಬಾರದು. ಫೋನಿನಲ್ಲಿ ನೋಡಿ, ಟಿವಿಯಲ್ಲೂ ಹಾಕಿ ನೋಡಿ. ಫೋನಿನಲ್ಲಿ ಅಡಗಿದ ಅಂಚು 43 ಇಂಚಿನ ಟಿವಿಯಲ್ಲಿ ಎದ್ದು ಕಾಣುತ್ತದೆ.

ಎಸ್‌ಎಸ್‌ಐಎಂನಂಥ ಗುಣಮಟ್ಟದ ಅಳತೆ ಬಳಸುವ ಅಭ್ಯಾಸ ಇರುವವರಿಗೆ ಒಂದು ಮಾತು. ಪೂರ್ತಿ ಫ್ರೇಮಿಗೆ ಅಳೆದರೆ ಅಂಕ ಇಳಿಯಬಹುದು. ಅದರಲ್ಲಿ ಗಾಬರಿ ಬೇಡ, ಪರದೆಯಿಂದ ಕಿತ್ತುಕೊಂಡದ್ದು ಅಲ್ಲಿ ಕಾಣುತ್ತಿದೆ. ಎರಡೂ ಕಡೆ ಕ್ರಾಪ್ ಹಾಕಿ ಆಯತದ ಭಾಗವನ್ನು ಮಾತ್ರ ಅಳೆಯಿರಿ. ಆದರೆ ಜೋಪಾನ, ಕ್ರಾಪ್ ಫಿಲ್ಟರ್‌ನಲ್ಲಿ ಅಗಲ, ಎತ್ತರ ಮೊದಲು ಬರುತ್ತವೆ, ಮೂಲೆ ಆಮೇಲೆ. ಅಂದರೆ 384:400:448:160. ಆಡ್‌ಆರ್‌ಒಐ ಸಾಲನ್ನೇ ನಕಲು ಮಾಡಿದರೆ ಬೇರೆ ಯಾವುದೋ ಜಾಗ ಅಳೆದು ಕೂರುತ್ತೀರಿ.

ಕ್ಯಾಮೆರಾ ಅಥವಾ ಜನ ಓಡಾಡುವಾಗ

ಮೈಸೂರು ದಸರಾ ಮೆರವಣಿಗೆಯನ್ನು ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ತೆಗೆದಿದ್ದರೆ ಈ ಆಯತದಿಂದ ಲಾಭ ಇಲ್ಲ. ಆದರೆ ಅರಮನೆಯಿಂದ ಬನ್ನಿಮಂಟಪಕ್ಕೆ ಹೋಗುವ ದಾರಿಯಲ್ಲಿ ಒಂದೇ ಕಡೆ ಟ್ರೈಪಾಡ್ ಊರಿದ್ದರೆ ಬೇರೆ ಉಪಾಯ ಇದೆ. ಅಂಬಾರಿ ಹೊತ್ತ ಆನೆ ಫ್ರೇಮಿನ ಒಂದು ಬದಿಯಿಂದ ಬಂದು ಇನ್ನೊಂದು ಬದಿಗೆ ಹೋಗುತ್ತದೆ. ಅಡ್ಡ ಜಾಗ ಬದಲಾಗುತ್ತದೆ, ಎತ್ತರ ಬದಲಾಗುವುದಿಲ್ಲ. ಅಂಬಾರಿಯ ಎತ್ತರಕ್ಕೆ ಫ್ರೇಮಿನ ಈ ತುದಿಯಿಂದ ಆ ತುದಿವರೆಗೆ ಒಂದು ಪಟ್ಟಿ ಎಳೆಯಿರಿ. ಕೆಳಗೆ ಅಲುಗಾಡುವ ಜನರ ತಲೆಗಳು, ಮೇಲೆ ಮರದ ಎಲೆಗಳು, ಇವೆರಡೂ ಬಿಟ್ ತಿನ್ನುವುದರಲ್ಲಿ ಎತ್ತಿದ ಕೈ. ಪಟ್ಟಿ ನಡುವೆ ಇರುವುದನ್ನು ಉಳಿಸುತ್ತದೆ. ದೀಪಾಲಂಕಾರದ ಅರಮನೆ ಮುಂದೆ ನಿಂತ ಮನೆಯವರ ವಿಡಿಯೊಗೂ ಅಷ್ಟೇ, ಸುಮಾರು 1 ಲಕ್ಷ ಬಲ್ಬುಗಳ ಜತೆ ಬಿಟ್‌ಗಾಗಿ ಪೈಪೋಟಿ ಮಾಡುತ್ತಿರುವ ಮುಖಗಳಿಗೆ ಗುರುತು ಹಾಕಿದರೆ ಮಾತ್ರ ನ್ಯಾಯ ಸಿಗುತ್ತದೆ.

ನಾಟಕದ ನಡುವೆ ಕ್ಯಾಮೆರಾ ಜಾಗ ಬದಲಿಸಿದ್ದರೆ ಅಲ್ಲಲ್ಲೇ ಕತ್ತರಿಸಿ, ತುಣುಕು ತುಣುಕಿಗೆ ಬೇರೆ ಆಯತ ಕೊಟ್ಟು, ಒಂದೇ ಸೆಟ್ಟಿಂಗ್‌ನಲ್ಲಿ ಎನ್‌ಕೋಡ್ ಮಾಡಿ, ಆಮೇಲೆ ಕಾನ್‌ಕ್ಯಾಟ್‌ನಿಂದ ಜೋಡಿಸಿ. ನಾಟಕದ ಯಾವುದೋ ಒಂದು ಹೊತ್ತಿಗೆ ಮಾತ್ರ ಗುಣಮಟ್ಟ ಜಾಸ್ತಿ ಬೇಕು ಅನ್ನುವುದಿದ್ದರೆ ಅದು ಆರ್‌ಒಐ ಕೆಲಸವಲ್ಲ, ಎಕ್ಸ್264ನ ಝೋನ್ಸ್ ಆಪ್ಶನ್ ಅದಕ್ಕೇ ಇದೆ. ಅದರಲ್ಲಿ ಫ್ರೇಮ್ ಸಂಖ್ಯೆ ಹೇಳಿ, ಅಲ್ಲಿಂದ ಅಲ್ಲಿಗೆ ಬಿಟ್ ಜಾಸ್ತಿ ಮಾಡಬಹುದು. ಪ್ರೋಗ್ರಾಂ ಬರೆಯಬಲ್ಲವರು ಎಫ್‌ಎಫ್‌ಎಂಪೆಗ್ ಲೈಬ್ರರಿ ಬಳಸಿ ಪ್ರತಿ ಫ್ರೇಮಿಗೂ ಬೇರೆ ಆಯತ ಅಂಟಿಸಬಹುದು. ಮುಖ ಪತ್ತೆ ಮಾಡುವ ಸಾಫ್ಟ್‌ವೇರ್ ಜತೆ ಸೇರಿಸಿದರೆ ಆಯತ ಮುಖದ ಹಿಂದೆಯೇ ಹೋಗುತ್ತದೆ. ಮಾಡುವುದಾದರೆ ಆಯತ ಫ್ರೇಮಿಂದ ಫ್ರೇಮಿಗೆ ನಡುಗದ ಹಾಗೆ ನೋಡಿಕೊಳ್ಳಿ, ನಡುಗಿದರೆ ಅಂಚು ಮಿನುಗುತ್ತದೆ.

ಸಿಸಿಟಿವಿಗೂ ಇದೇ

ಈಗಿನ ಎಷ್ಟೋ ಐಪಿ ಕ್ಯಾಮೆರಾಗಳಲ್ಲಿ ಆರ್‌ಒಐ ಒಳಗೇ ಇದೆ. ಕ್ಯಾಮೆರಾದ ಸೆಟ್ಟಿಂಗ್ ಪುಟವನ್ನು ಬ್ರೌಸರ್‌ನಲ್ಲಿ ತೆರೆದು ವಿಡಿಯೊ ವಿಭಾಗದಲ್ಲಿ ಹುಡುಕಿ. ಅಲ್ಲಿ ಮೌಸ್‌ನಿಂದಲೇ ಚೌಕ ಎಳೆದು ಮಟ್ಟ ಆರಿಸಬಹುದು. ತೂಕದ ಸೇತುವೆಯ ಮೇಲೆ ಕಣ್ಣಿಟ್ಟಿರುವ ಕ್ಯಾಮೆರಾದ ಹಿಂದೆ ಕಬ್ಬಿನ ಗದ್ದೆ ಇದ್ದರೆ ಗರಿ ಅಲುಗಾಡಿದ್ದಕ್ಕೇ ಬಿಟ್ ಖರ್ಚಾಗುತ್ತಿರುತ್ತದೆ. ಟ್ರ್ಯಾಕ್ಟರ್‌ನ ನಂಬರ್ ಪ್ಲೇಟು ನಿಲ್ಲುವ ಜಾಗ, ತೂಕ ತೋರಿಸುವ ಡಿಸ್‌ಪ್ಲೇ, ಈ ಎರಡಕ್ಕೆ ಚೌಕ ಎಳೆಯಿರಿ. ರೈತರಿಗೂ ಆಮೇಲೆ ಬೇಕಾಗುವ ದಾಖಲೆ ಅದೇ. ಮಟ್ಟ ಮಧ್ಯಕ್ಕಿಂತ ಒಂದು ಹೆಜ್ಜೆ ಮೇಲೆ ಇಟ್ಟು, ರಾತ್ರಿಯ ರೆಕಾರ್ಡಿಂಗ್ ತೆರೆದು ಪ್ಲೇಟಿನ ಅಂಕೆ ಓದಲು ಆಗುತ್ತದಾ ನೋಡಿ. ಆಗದಿದ್ದರೆ ಮೊದಲು ಬೆಳಕು ಸರಿಮಾಡಿ, ಲೆನ್ಸ್ ಒರೆಸಿ. ಲೆನ್ಸ್‌ನಲ್ಲೇ ಹಿಡಿಯದ ಅಂಕೆಯನ್ನು ಯಾವ ಗುರುತೂ ತಂದುಕೊಡುವುದಿಲ್ಲ. ಬೆಳಕು ಸರಿ ಇದ್ದೂ ಅಂಕೆ ಕಲಸಿದ್ದರೆ ಆಗ ಮಟ್ಟವನ್ನು ಇನ್ನೊಂದು ಹೆಜ್ಜೆ ಏರಿಸಿ.